ಧರ್ಮರಾಯನ ಎರಡನೇ ಆಟ

ಪಾಂಡವಪುರಕ್ಕೆ ಹಿಂದೆ ಹಿರೋಡೆ ಎಂಬ ಹೆಸರಿತ್ತು. ಹೈದರಾಲಿ, ಟಿಪ್ಪುವಿನ ಜೊತೆಗಿದ್ದ ಫ್ರೆಂಚ್ ಸೈನಿಕರು ಇಲ್ಲಿ ಬೀಡು ಬಿಟ್ಟಿದ್ದರಿಂದ ಬ್ರಿಟಿಷರ ಕಾಲದಲ್ಲಿ ಅದು ಫ್ರೆಂಚ್ ರಾಕ್ಸ್ ಆಯಿತು. ಆಮೇಲೆ ಪಾಂಡವಪುರ. ಊರ ಪಕ್ಕದ ಕುಂತಿ ಬೆಟ್ಟದಲ್ಲಿ ಪಾಂಡವರು ವನವಾಸ ಕಾಲದಲ್ಲಿ ತಾಯಿಯೊಡನೆ ತಂಗಿದ್ದರು ಎಂಬ ನಂಬಿಕೆಯೇ ಈ ಹೆಸರಿಗೆ ಮೂಲ. ಚಿಕ್ಕಂದಿನಲ್ಲಿ ಆ ಬಂಡೆಗಳ ಮೇಲೆ ಭೀಮನ ಹೆಜ್ಜೆ ಹುಡುಕುತ್ತಿದ್ದ ನಾವ್ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ರಾಜರ ಮಕ್ಕಳು ಕಾಡಿಗೆ ಬಂದದ್ದೇಕೆ? ಜೂಜಾಡಿ ಸೋತು. ನಮ್ಮ ತಾಲ್ಲೂಕಿನ ಹೆಸರಿನೊಳಗೇ ಒಂದು ಸೋತ ಆಟ ಕೂತಿದೆ.

ವ್ಯಾಸಭಾರತದ ಪ್ರಕಾರ ಕುಂತಿ ವನವಾಸಕ್ಕೆ ಹೋಗಲಿಲ್ಲ. ಹಸ್ತಿನಾವತಿಯಲ್ಲಿ ವಿದುರನ ಮನೆಯಲ್ಲೇ ಉಳಿದಳು. ಆದರೆ ನಮ್ಮ ಊರಿನ ಕಥೆ ಅವಳನ್ನು ಅಲ್ಲಿ ಬಿಡಲಿಲ್ಲ. ಕಾಡಿಗೆ ಕರೆತಂದು, ಬೆಟ್ಟ ಹತ್ತಿಸಿ, ಬೆಟ್ಟಕ್ಕೆ ಅವಳ ಹೆಸರನ್ನೇ ಇಟ್ಟಿತು. ಮಗ ಜೂಜಾಡಿದರೆ ತಾಯಿಗೂ ವನವಾಸ ತಪ್ಪುವುದಿಲ್ಲ ಎಂಬುದು ಈ ಸೀಮೆಯ ಜನಕ್ಕೆ ಗೊತ್ತಿದ್ದ ಸಂಗತಿ. ನನಗೂ ಗೊತ್ತು. ನಮ್ಮ ಮನೆಯಲ್ಲೂ ಒಬ್ಬರಿದ್ದರು.

ನನ್ನ ಚಿಕ್ಕಪ್ಪ ಓಸಿ ಬರೆಸುತ್ತಿದ್ದರು. ಓಪನ್–ಕ್ಲೋಸ್ ಎಂಬುದರ ಮೊದಲ ಅಕ್ಷರಗಳು ಸೇರಿ ನಮ್ಮ ಕಡೆ ಮಟ್ಕಾಕ್ಕೆ ‘ಓಸಿ’ ಎಂಬ ಹೆಸರಾಯಿತು. ಪಣತದ ಕೋಣೆಯ ಬಾಗಿಲ ಹಿಂದಿನ ಗೋಡೆಯ ಮೇಲೆ ಅವರು ಸೀಸದಕಡ್ಡಿಯಲ್ಲಿ ಅಂಕಿಗಳನ್ನು ಸಾಲಾಗಿ ಬರೆದಿಡುತ್ತಿದ್ದರು. ಬಂದ ಅಂಕಿಗೆ ಒಂದು ಸುತ್ತು, ತಾವು ಕಟ್ಟಿದ ಅಂಕಿಗೆ ಒಂದು ಅಡ್ಡಗೆರೆ. ಗೌರಿ ಹಬ್ಬಕ್ಕೆ ಮನೆಗೆಲ್ಲ ಸುಣ್ಣ ಹೊಡೆದರೂ ಆ ಮೂರಡಿ ಜಾಗಕ್ಕೆ ಹೊಡೆಯಬಾರದು. ಗೋಡೆ ಮಾಸಿ ಕಪ್ಪಾಗಿದ್ದರೂ ಅಂಕಿಗಳು ಮಾತ್ರ ಮುತ್ತಿನ ಹಾಗಿದ್ದವು. ರಾತ್ರಿ ಲಾಂದ್ರ ಹಿಡಿದು ಅದರ ಮುಂದೆ ಕೂತು ಅವರು ತುಟಿ ಅಲ್ಲಾಡಿಸುತ್ತಿದ್ದುದನ್ನು ನೋಡಿ, ಅದು ಯಾವುದೋ ಮಂತ್ರ ಎಂದುಕೊಂಡಿದ್ದೆ. ಅಜ್ಜಿ ಬಾಗಿಲಲ್ಲಿ ನಿಂತು ಬಯ್ದರೆ ಅವರದು ಒಂದೇ ಮಾತು: “ಕೊನೇ ಸಲ ಕಣವ್ವ. ಹೋಗಿದ್ದು ಬಂದ್ಬುಟ್ರೆ ಸಾಕು, ಕೈ ತೊಳ್ಕೋತೀನಿ.”

ಹೋಗಿದ್ದು ಬಂದ್ಬುಟ್ರೆ ಸಾಕು. ಜೂಜಿನ ಚಟವನ್ನು ಅರ್ಥ ಮಾಡಿಕೊಳ್ಳಲು ಈ ಮೂರು ಪದಗಳಿಗಿಂತ ಒಳ್ಳೆಯ ದಾರಿ ನನಗೆ ಈವರೆಗೆ ಸಿಕ್ಕಿಲ್ಲ.

ಹೊರಗಿನವರು ತಿಳಿದುಕೊಳ್ಳುವುದೇ ಬೇರೆ. ದುರಾಸೆ, ದುಡಿಯಲು ಸೋಮಾರಿತನ, ಕೆಟ್ಟ ಸಹವಾಸ ಎನ್ನುತ್ತಾರೆ. ಮೊದಲ ಸಲ ಆಡುವಾಗ ಆಸೆ ಇರಬಹುದು. ಆದರೆ ಇಪ್ಪತ್ತನೇ ಸಲ ಆಡುವವನ ಮನಸ್ಸಿನಲ್ಲಿ ಶ್ರೀಮಂತನಾಗುವ ಕನಸು ಉಳಿದಿರುವುದಿಲ್ಲ. ಕಳೆದದ್ದನ್ನು ಹೆಂಡತಿಗೆ ಗೊತ್ತಾಗುವ ಮುಂಚೆ ಮೊದಲಿದ್ದ ಜಾಗದಲ್ಲಿ ಇಡಬೇಕು, ಅಷ್ಟೇ. ಅವನು ಮುಂದಕ್ಕೆ ಓಡುತ್ತಿಲ್ಲ, ಹಿಂದಕ್ಕೆ ಓಡುತ್ತಿದ್ದಾನೆ. ವೈದ್ಯರು ಜೂಜಿನ ಕಾಯಿಲೆಯನ್ನು ಗುರುತಿಸುವ ಲಕ್ಷಣಗಳಲ್ಲಿ ಸೋತ ಹಣವನ್ನು ಬೆನ್ನಟ್ಟಿ ಮರುದಿನ ಮತ್ತೆ ಆಡಲು ಹೋಗುವುದೂ ಒಂದು. ಹೆಚ್ಚು ಹೆಚ್ಚು ಹಣ ಕಟ್ಟಿದರೇ ಸಮಾಧಾನ ಎನ್ನಿಸುವುದು, ಬಿಡಲು ಹೋದರೆ ಸಿಡಿಮಿಡಿ, ಮನೆಯವರಿಗೆ ಸುಳ್ಳು ಹೇಳುವುದು, ಸಾಲ ತೀರಿಸಲು ಇನ್ನೊಬ್ಬರ ಮುಂದೆ ಕೈಯೊಡ್ಡುವುದು ಇವೂ ಆ ಪಟ್ಟಿಯಲ್ಲಿವೆ. ಅಮೆರಿಕದ ಮನೋವೈದ್ಯರ ಸಂಘ 1980ರಲ್ಲಿ ಇದನ್ನು ಮೊದಲ ಬಾರಿಗೆ ಕಾಯಿಲೆ ಎಂದು ದಾಖಲಿಸಿದಾಗ ಹಠಾತ್ ಪ್ರವೃತ್ತಿಗಳ ಗುಂಪಿಗೆ ಸೇರಿಸಿತ್ತು. 2013ರಲ್ಲಿ ಅಲ್ಲಿಂದ ತೆಗೆದು ಹೆಂಡ, ಅಫೀಮುಗಳ ಚಟದ ಸಾಲಿನಲ್ಲಿ ಕೂರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲೂ 2022ರಿಂದ ಅದರ ಜಾಗ ಅಲ್ಲೇ.

ಮಹಾಭಾರತದ ಕಥೆಗೆ ಮರಳುತ್ತೇನೆ. ಧರ್ಮರಾಯ ಪಗಡೆಯಲ್ಲಿ ರಾಜ್ಯ ಸೋತ, ತಮ್ಮಂದಿರನ್ನು ಸೋತ, ತನ್ನನ್ನೇ ಸೋತ, ದ್ರೌಪದಿಯನ್ನು ಸೋತ. ಇದು ಎಲ್ಲರಿಗೂ ಗೊತ್ತು. ಅದಾದ ಮೇಲಿನದನ್ನು ನಾವು ಬೇಗ ದಾಟಿಬಿಡುತ್ತೇವೆ. ದ್ರೌಪದಿಯ ದೆಸೆಯಿಂದ ಧೃತರಾಷ್ಟ್ರ ಎಲ್ಲವನ್ನೂ ಹಿಂದಿರುಗಿಸಿದ. ರಾಜ್ಯ ಬಂತು, ಬಿಡುಗಡೆ ಬಂತು, ರಥ ಹತ್ತಿ ಊರ ದಾರಿ ಹಿಡಿದದ್ದೂ ಆಯಿತು. ಅಷ್ಟರಲ್ಲಿ ಮತ್ತೊಂದು ಆಟಕ್ಕೆ ಕರೆ ಬಂತು. ಧರ್ಮರಾಯ ಹೋದ! ಕೇಡು ಎಂದು ಗೊತ್ತಿದ್ದೂ ಹೋದ. ಹಿರಿಯರ ಕರೆಯನ್ನು ತಳ್ಳಲಾಗದು ಎಂಬ ನೆಪವೂ ಇತ್ತು. ಹನ್ನೆರಡು ವರ್ಷದ ಕಾಡು, ಒಂದು ವರ್ಷದ ಅಜ್ಞಾತ ಆ ಎರಡನೇ ಆಟದ ಫಲ. ಅಜ್ಞಾತವಾಸದಲ್ಲಿ ಅವನು ತೊಟ್ಟ ವೇಷ ಯಾವುದು? ವಿರಾಟರಾಜನ ಜೊತೆ ಪಗಡೆಯಾಡುವ ಕಂಕಭಟ್ಟ. ದಾಳದಿಂದ ಎಲ್ಲವನ್ನೂ ಕಳೆದುಕೊಂಡವನು ಬದುಕಲು ಆರಿಸಿಕೊಂಡದ್ದೂ ದಾಳವನ್ನೇ. ಕೊನೆಗೆ ಸಿಟ್ಟಿನಲ್ಲಿ ವಿರಾಟ ಎಸೆದ ದಾಳವೇ ಅವನ ಮುಖಕ್ಕೆ ಬಿದ್ದು ರಕ್ತ ಬಂತು. ಚಟದ ಬಗ್ಗೆ ಕವಿಗೆ ಏನು ಗೊತ್ತಿತ್ತೋ, ಗೊತ್ತಿದ್ದೇ ಬರೆದಂತಿದೆ.

ನಮ್ಮ ಸೀಮೆಯಲ್ಲಿ ಮೊದಲ ಆಟ ಕಲಿಯುವುದು ಮನೆಯಲ್ಲೇ. ಯುಗಾದಿಯಂದು ಬೇವು ಬೆಲ್ಲ ತಿಂದು, ಹೋಳಿಗೆ ಊಟ ಮಾಡಿ ಜಗಲಿಯಲ್ಲಿ ಇಸ್ಪೀಟು ಹರಡುತ್ತಾರೆ. ಆವತ್ತು ಗೆದ್ದವನಿಗೆ ವರ್ಷವೆಲ್ಲ ಕೈಗುಣ ಎಂದು ನಂಬಿಕೆ. ತೋಪುಗಳಲ್ಲಿ ನಾಣ್ಯ ಚಿಮ್ಮುತ್ತಾರೆ, ಬೀದಿಯಲ್ಲಿ ತೆಂಗಿನಕಾಯಿ ಎಸೆಯುವ ಪಂದ್ಯ ಕಟ್ಟುತ್ತಾರೆ. ಮರುದಿನ ಹೊಸತೊಡಕಿನ ಬಾಡೂಟದ ಹೊತ್ತಿಗೆ ಬಹುಪಾಲು ಜನಕ್ಕೆ ಆಟ ಮುಗಿದಿರುತ್ತದೆ. ಹತ್ತು ಇಪ್ಪತ್ತು ರೂಪಾಯಿ ಕಳೆದ ಹೆಂಗಸರು ನಕ್ಕು ಎದ್ದು ಹೋಗುತ್ತಾರೆ. ಇದರಲ್ಲಿ ನನಗೆ ತಕರಾರಿಲ್ಲ. ಬಾಲ್ಯದ ಸವಿನೆನಪುಗಳಲ್ಲಿ ಆ ಜಗಲಿಯೂ ಒಂದು. ಆದರೆ ನೂರು ಜನ ಆಡಿ ಎದ್ದಾಗ ಒಂದಿಬ್ಬರು ಏಳುವುದಿಲ್ಲ. ಅವರಿಗೆ ಯುಗಾದಿ ಮುಗಿಯುವುದೇ ಇಲ್ಲ. ಅವರು ಉಳಿದವರಿಗಿಂತ ಕೆಟ್ಟವರಾಗಿ ಹುಟ್ಟಿದ್ದರಿಂದ ಹೀಗಾಗುವುದಲ್ಲ.

ಮಿದುಳಿನ ಒಂದು ಸಂಗತಿ ಇದನ್ನು ಚೆನ್ನಾಗಿ ತೋರಿಸುತ್ತದೆ. 2005ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ ವೈದ್ಯರು ಪಾರ್ಕಿನ್ಸನ್ ಕಾಯಿಲೆಯ 11 ರೋಗಿಗಳ ವಿಷಯ ಪ್ರಕಟಿಸಿದರು. ಕೈನಡುಕಕ್ಕೆ ಮದ್ದು ತೆಗೆದುಕೊಳ್ಳುತ್ತಿದ್ದ ಇವರೆಲ್ಲ ಜೂಜಿನ ಹುಚ್ಚಿಗೆ ಬಿದ್ದಿದ್ದರು. ಆ ಮದ್ದು ಮಿದುಳಿನಲ್ಲಿ ಡೋಪಮೈನ್ ಎಂಬ ರಸದ ಕೆಲಸ ಮಾಡುವಂಥದು. ಆಮೇಲೆ ವಿಚಾರಿಸಲು ಸಿಕ್ಕವರಲ್ಲಿ ಮದ್ದು ಕಡಿಮೆ ಮಾಡಿದಾಗ ಅಥವಾ ನಿಲ್ಲಿಸಿದಾಗ ಜೂಜಿನ ಸೆಳೆತವೂ ಹೋಯಿತು. ಮಾತ್ರೆಯೊಂದು ಸಭ್ಯ ಮುದುಕನನ್ನು ಜೂಜುಕೋರನನ್ನಾಗಿ ಮಾಡಬಲ್ಲದಾದರೆ, ಇದು ಬರೀ ಗುಣ ನಡತೆಯ ಮಾತಲ್ಲ ಎಂದಾಯಿತು.

ಡೋಪಮೈನ್ ಸುಖದ ರಸ ಎಂದು ಬರೆಯುವುದು ರೂಢಿ. ನಿಜವಾಗಿ ಅದು ನಿರೀಕ್ಷೆಯ ರಸ. ನರವಿಜ್ಞಾನಿ ವೋಲ್ಫ್ರಾಮ್ ಶುಲ್ಟ್ಸ್ ಮತ್ತು ಜೊತೆಗಾರರು ಕೋತಿಗಳಿಗೆ ಹಣ್ಣಿನ ರಸ ಕೊಟ್ಟು ನಡೆಸಿದ ಪ್ರಯೋಗಗಳಲ್ಲಿ, 2003ರಲ್ಲಿ ಕಂಡ ಒಂದು ವಿಷಯ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ರಸ ಖಂಡಿತ ಸಿಗುತ್ತದೆ ಅಥವಾ ಖಂಡಿತ ಸಿಗುವುದಿಲ್ಲ ಎಂದು ಗೊತ್ತಿದ್ದಾಗ ಕಾಯುವ ಹೊತ್ತಿನಲ್ಲಿ ಡೋಪಮೈನ್ ಸ್ರವಿಸುವ ನರಕೋಶಗಳು ಸುಮ್ಮನಿರುತ್ತಿದ್ದವು. ಸಿಕ್ಕರೂ ಸಿಕ್ಕೀತು, ಸಿಗದೆಯೂ ಹೋದೀತು ಎಂಬ ಅರ್ಧಕ್ಕರ್ಧ ಅನುಮಾನವಿದ್ದಾಗಲೇ ಅವು ಹೆಚ್ಚು ಮಿಡಿಯುತ್ತಿದ್ದವು. ಚಿಕ್ಕಪ್ಪ ನಂಬರು ಬರುವ ಹೊತ್ತಿಗೆ ಅಂಗಡಿ ಮುಂದೆ ಬೀಡಿ ಹಚ್ಚಿ, ಸೇದುವುದನ್ನೇ ಮರೆತು ಕಾಯುತ್ತಿದ್ದ ಆ ಹತ್ತು ನಿಮಿಷವೇ ಅವರ ಅಮಲು. ಗೆಲುವು ಬಂದ ಮೇಲಿನ ಮುಖದಲ್ಲಿ ಅಂಥ ಕಳೆ ಇರುತ್ತಿರಲಿಲ್ಲ.

ಇದಕ್ಕಿಂತ ಹಿಂದೆಯೇ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳಲ್ಲಿ ಇನ್ನೊಂದು ಗುಟ್ಟು ಕಂಡಿದ್ದ. ಪ್ರತಿ ಸಲ ಕುಕ್ಕಿದಾಗಲೂ ಕಾಳು ಬೀಳುತ್ತಿದ್ದು ನಂತರ ನಿಂತರೆ ಹಕ್ಕಿ ಬೇಗ ಬಿಟ್ಟುಬಿಡುತ್ತದೆ. ಯಾವಾಗ ಬೀಳುತ್ತದೆ ಎಂದು ಹೇಳಲಾಗದಂತೆ ಕಾಳು ಹಾಕಿ ಪಳಗಿಸಿದರೆ, ಕಾಳು ನಿಂತ ಮೇಲೂ ಹಕ್ಕಿ ಬಹಳ ಹೊತ್ತು ಕುಕ್ಕುತ್ತಲೇ ಇರುತ್ತದೆ. ಮಟ್ಕಾ, ಲಾಟರಿ, ಇಂದಿನ ಮೊಬೈಲ್ ಆಟ ಎಲ್ಲವೂ ಈ ಎರಡನೇ ಬಗೆಯವು.

ಇನ್ನೊಂದು ಬಲೆ ‘ಸ್ವಲ್ಪದರಲ್ಲೇ ತಪ್ಪಿತು’ ಎನ್ನುವುದು. ಚಿಕ್ಕಪ್ಪ 6 ಕಟ್ಟಿ 7 ಬಂದರೆ ಮನೆಗೆ ಬಂದು ಗೆದ್ದವರ ಹಾಗೆ ಮಾತಾಡುತ್ತಿದ್ದರು. “ಒಂದೇ ಒಂದು ಅಂಕಿ ಕಣಣ್ಣ, ಒಂದೇ ಒಂದು!” ಎಂದು ನಮ್ಮಪ್ಪನ ಮುಂದೆ ಬೆರಳೆತ್ತಿ ತೋರಿಸುತ್ತಿದ್ದರು. ಆರಕ್ಕೂ ಏಳಕ್ಕೂ ಮಗ್ಗಿ ಪುಸ್ತಕದಲ್ಲಷ್ಟೇ ನೆರೆಹೊರೆ. ಚೀಟಿ ಎತ್ತುವಾಗ ಏಳಕ್ಕೆ ಆರು ಎಷ್ಟು ದೂರವೋ ಎರಡೂ ಅಷ್ಟೇ ದೂರ. ಆದರೆ ಕೇಂಬ್ರಿಜ್‌ನ ಲ್ಯೂಕ್ ಕ್ಲಾರ್ಕ್ ಮತ್ತು ಸಂಗಡಿಗರು 2009ರಲ್ಲಿ ಮಿದುಳಿನ ಸ್ಕ್ಯಾನ್ ಮಾಡಿ ನೋಡಿದಾಗ, ಹೀಗೆ ‘ಸ್ವಲ್ಪದರಲ್ಲಿ’ ಸೋತಾಗ ಗೆದ್ದಾಗ ಚುರುಕಾಗುವ ಭಾಗಗಳೇ ಚುರುಕಾಗುತ್ತಿದ್ದವು. ಆಟಗಾರರಿಗೆ ಬೇಸರವಾದರೂ ಮತ್ತೆ ಆಡುವ ಆಸೆ ಹೆಚ್ಚುತ್ತಿತ್ತು.

ಗೋಡೆಯ ಮೇಲಿನ ಆ ಅಂಕಿಗಳ ಲೆಕ್ಕವನ್ನು ನಾನು ದೊಡ್ಡವನಾದ ಮೇಲೆ ಮಾಡಿದೆ. ಮಟ್ಕಾದಲ್ಲಿ ಒಂದು ಅಂಕಿಗೆ ಕಟ್ಟಿ ಗೆದ್ದರೆ ರೂಪಾಯಿಗೆ 9 ರೂಪಾಯಿ ಎಂಬುದು ಹಳೆಯ ರೂಢಿ. ಅಂಕಿಗಳು ಹತ್ತು. ಅಂದರೆ ಸರಾಸರಿಯಲ್ಲಿ 100 ಕಟ್ಟಿದವನಿಗೆ 90 ವಾಪಸ್. ಹತ್ತು ರೂಪಾಯಿ ತಾನೇ ಎನ್ನಿಸುತ್ತದೆ. ಆದರೆ ಬಂದದ್ದನ್ನೂ ತಿರುಗಿ ಕಟ್ಟುವವನ 1,000 ರೂಪಾಯಿ ಒಂದು ಸುತ್ತಿಗೆ 900, ಎರಡನೇ ಸುತ್ತಿಗೆ 810 ಹೀಗೆ ಸವೆಯುತ್ತ 22 ಸುತ್ತು ಮುಗಿಯುವ ಹೊತ್ತಿಗೆ ನೂರಕ್ಕಿಂತ ಕೆಳಗೆ ಇಳಿಯುತ್ತದೆ. ನಡುವೆ ಎಷ್ಟೋ ಸಲ ಗೆದ್ದಿರುತ್ತಾನೆ. ಗೆದ್ದದ್ದೇ ನೆನಪಿರುತ್ತದೆ. ಮನೆ ಮುಳುಗಿಸಲು ಮೋಸದ ದಾಳವೇ ಬೇಕಿಲ್ಲ, ನೆಟ್ಟಗಿನ ದಾಳವೂ ಸಾಕು. ಶಕುನಿ ಇರಲೇಬೇಕೆಂದಿಲ್ಲ.

ಈಗ ಕಾಲದ ಲೆಕ್ಕ ಹಾಕಿ. ಚಿಕ್ಕಪ್ಪನಿಗೆ ದಿನಕ್ಕೆ ಎರಡು ಸಲ ಮಾತ್ರ ಆಟ. 22 ಸುತ್ತಿಗೆ 11 ದಿನ ಬೇಕಿತ್ತು. ನಡುವೆ ಗದ್ದೆಗೆ ನೀರು ಕಟ್ಟಬೇಕು, ಎಮ್ಮೆ ಕರೆಯಬೇಕು, ಅಜ್ಜಿಯ ಬೈಗುಳ ಕೇಳಬೇಕು, ಮಲಗಿ ಏಳಬೇಕು. ಬುದ್ಧಿ ಬರಲು ಅಷ್ಟು ಎಡೆ ಇತ್ತು. ಇಂದು ಮೊಬೈಲಿನ ಕಲರ್ ಪ್ರಿಡಿಕ್ಷನ್ ಆಟದಲ್ಲಿ ಒಂದು ಸುತ್ತು ಒಂದು ನಿಮಿಷ, ಕೆಲವುಗಳಲ್ಲಿ ಅರ್ಧ ನಿಮಿಷ. ಹನ್ನೊಂದು ದಿನದ ಸವೆತ ಟೀ ಕುಡಿದು ಮುಗಿಸುವಷ್ಟರಲ್ಲಿ ಆಗಿಹೋಗುತ್ತದೆ. ಅಡ್ಡೆ ಹುಡುಕಿಕೊಂಡು ತೋಪಿಗೆ ಹೋಗಬೇಕಿಲ್ಲ, ಪೊಲೀಸರ ಜೀಪು ಬಂತೆಂದು ಕಬ್ಬಿನ ಗದ್ದೆಗೆ ನುಗ್ಗಬೇಕಿಲ್ಲ. ಹೆಂಡತಿಯ ಪಕ್ಕದಲ್ಲಿ, ಕಂಬಳಿಯೊಳಗೆ ಬೆರಳಾಡಿಸಿದರೆ ಸಾಕು. ನಾಗಮಂಗಲದ ಕಡೆಯಿಂದ ಬೆಂಗಳೂರಿಗೆ ಹೋಗಿ ರಾತ್ರಿ ಪಾಳಿಯಲ್ಲಿ ಕಾವಲು ಕಾಯುವ, ಕ್ಯಾಬ್ ಓಡಿಸುವ ಹುಡುಗರಿಗೆ ಎಚ್ಚರವಿರಲು ಕೈಯಲ್ಲಿರುವುದು ಮೊಬೈಲೊಂದೇ. ಕ್ರಿಕೆಟ್ಟಿನಲ್ಲಿ ಹಿಂದೆ ಪಂದ್ಯ ಯಾರು ಗೆಲ್ಲುತ್ತಾರೆ ಎಂದು ಕಟ್ಟುತ್ತಿದ್ದರು. ಈಗ ಮುಂದಿನ ಓವರಿಗೆ, ಮುಂದಿನ ಚೆಂಡಿಗೆ. ಒಂದೇ ಸಂಜೆಯಲ್ಲಿ ನೂರಾರು ಎರಡನೇ ಆಟಗಳು!

ಹಣ ಬರುವ ರೀತಿಯೂ ಇಲ್ಲಿ ಸೇರಿಕೊಳ್ಳುತ್ತದೆ. ವಿಶ್ವೇಶ್ವರಯ್ಯ ನಾಲೆಯ ನೀರಿನ ಶ್ರೀರಂಗಪಟ್ಟಣ, ಪಾಂಡವಪುರದಲ್ಲಿ ಕಬ್ಬು ಕಡಿದ ಎಷ್ಟೋ ದಿನದ ಮೇಲೆ ಬಿಲ್ಲು ಬರುತ್ತದೆ, ಬಂದರೆ ಒಟ್ಟಿಗೇ ಬರುತ್ತದೆ. ಅಷ್ಟರಲ್ಲಿ ಕೈಸಾಲ ಬೆಳೆದಿರುತ್ತದೆ. ಬಿಲ್ಲು ಸಾಲಕ್ಕೆ ಸಾಲದು, ಸುಮ್ಮನೆ ಇಟ್ಟುಕೊಳ್ಳಲು ಜಾಸ್ತಿ. ಈ ಹಣವನ್ನು ಒಂದು ಸಲ ಇಮ್ಮಡಿ ಮಾಡಿದರೆ ಎಲ್ಲ ತೀರೀತು ಎಂಬ ಯೋಚನೆ ಹುಟ್ಟುವುದು ಅಂಥ ಹೊತ್ತಿನಲ್ಲೇ. ಕೆ.ಆರ್. ಪೇಟೆ, ನಾಗಮಂಗಲದ ಬೆದ್ದಲು ರೈತನಿಗೆ ಮುಗಿಲು ನೋಡುವುದೇ ಬಾಳು. ‘ಬೇಸಾಯವೇ ಒಂದು ಜೂಜು, ಇದೇನು ಮಹಾ’ ಎಂಬ ಮಾತನ್ನು ನಾನು ಹಲವರ ಬಾಯಲ್ಲಿ ಕೇಳಿದ್ದೇನೆ. ಒಪ್ಪುವುದಿಲ್ಲ. ಮಳೆ ಕೈಕೊಟ್ಟರೂ ಭೂಮಿ ಉಳಿಯುತ್ತದೆ, ಬೀಜದ ರಾಗಿ ಉಳಿಯುತ್ತದೆ, ಮುಂದಿನ ಮುಂಗಾರಿಗೆ ಕಲಿತ ಅನುಭವ ಉಳಿಯುತ್ತದೆ. ಜೂಜಿನ ಸೋಲು ಏನನ್ನೂ ಕಲಿಸುವುದಿಲ್ಲ.

ಮಂಡ್ಯ ಜಿಲ್ಲೆಯವರ ಮಾತಿನ ಹುರುಪನ್ನೂ ಹೇಳಲೇಬೇಕು. 2019ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದಲ್ಲಿ ಮತದಾನ ಏಪ್ರಿಲ್ 18ರಂದು, ಎಣಿಕೆ ಮೇ 23ರಂದು. ನಡುವಿನ ಮೂವತ್ತೈದು ದಿನ ಸುಮಲತಾ ಗೆಲ್ಲುತ್ತಾರೋ ನಿಖಿಲ್ ಕುಮಾರಸ್ವಾಮಿ ಗೆಲ್ಲುತ್ತಾರೋ ಎಂದು ಹಣ, ಬೈಕು, ಕುರಿ, ಜಮೀನನ್ನೂ ಪಣಕ್ಕಿಟ್ಟ ಸುದ್ದಿಗಳು ಬರುತ್ತಲೇ ಇದ್ದವು. 1,25,876 ಮತಗಳ ಅಂತರದಲ್ಲಿ ಒಬ್ಬರು ಗೆದ್ದಾಗ ಸೋತ ಮನೆಗಳೆಷ್ಟೋ. ಅದೇ ವರ್ಷದ ಡಿಸೆಂಬರ್‌ನಲ್ಲಿ ಎರಡನೇ ಆಟದ ಕರೆಯಂತೆ ಕೆ.ಆರ್. ಪೇಟೆಗೆ ಉಪಚುನಾವಣೆ ಬಂತು. ಇಲ್ಲಿ ಬಾಜಿ ಕಟ್ಟುವವರೆಲ್ಲ ಚಟಗಾರರಲ್ಲ. ಅರಳಿಕಟ್ಟೆಯಲ್ಲಿ ಹತ್ತು ಜನರ ಮುಂದೆ “ಧೈರ್ಯ ಇದ್ರೆ ಕಟ್ಲಾ ನೋಡವಾ” ಎಂದಾಗ ಹಿಂದೆ ಸರಿಯಲಾಗದ ಸಂಕಟ ಅದು. ಕರೆದರೆ ಹೋಗಲೇಬೇಕು ಎಂದ ಧರ್ಮರಾಯನೂ ಇದೇ ಕಟ್ಟೆಯ ಮೇಲೆ ಕೂತಿದ್ದವನು.

ಕಾನೂನು ಇಲ್ಲವೆಂದಲ್ಲ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 78ನೇ ಕಲಮು ಓಸಿ ಬರೆಯುವವರಿಗೆ, 87ನೇ ಕಲಮು ಬಯಲಲ್ಲಿ ಅಂದರ್ ಬಾಹರ್ ಆಡುವವರಿಗೆ. ಸ್ಥಳೀಯ ಪತ್ರಿಕೆ ಓದುವವರಿಗೆ ಈ ಎರಡು ಸಂಖ್ಯೆಗಳು ಬಾಯಿಪಾಠ. 2007ರಲ್ಲಿ ರಾಜ್ಯದಲ್ಲಿ ಲಾಟರಿ ನಿಂತಿತು. ಅದರಿಂದ ಬಸ್ ಸ್ಟ್ಯಾಂಡುಗಳಲ್ಲಿ ನೆಲದ ತುಂಬ ಹರಿದು ಚೆಲ್ಲಿರುತ್ತಿದ್ದ ಬಣ್ಣದ ಚೀಟಿಗಳು ಮಾಯವಾದದ್ದನ್ನು ನಾನೇ ಕಂಡಿದ್ದೇನೆ. ನಿಷೇಧದಿಂದ ಏನೂ ಆಗದು ಎನ್ನುವವರ ಮಾತನ್ನು ಅದಕ್ಕೇ ಒಪ್ಪಲಾರೆ. 2021ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಆನ್‌ಲೈನ್ ಹಣದಾಟಗಳನ್ನು ನಿಷೇಧಿಸಿತು. ಕೌಶಲದ ಆಟವೂ ಇದರಲ್ಲಿ ಸಿಕ್ಕಿಬಿದ್ದಿದೆ ಎಂಬ ವಾದವನ್ನು ಒಪ್ಪಿ 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಕೊನೆಗೆ ಸಂಸತ್ತೇ ಕಾಯ್ದೆ ಮಾಡಿತು, 2025ರ ಆಗಸ್ಟ್ 22ರಂದು ಅದಕ್ಕೆ ರಾಷ್ಟ್ರಪತಿಯವರ ಅಂಕಿತ ಬಿತ್ತು. ಹಣವಿಟ್ಟು ಆಡುವ ಆನ್‌ಲೈನ್ ಆಟ ನಡೆಸಿದರೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಆಡಿದವನಿಗೆ ಶಿಕ್ಷೆಯಿಲ್ಲ. ಆಡಿದವನನ್ನು ನೊಂದವನೆಂದು ನೋಡಿದ್ದು ಆ ಕಾಯ್ದೆಯ ವಿವೇಕ. 45 ಕೋಟಿ ಜನ ವರ್ಷಕ್ಕೆ ಸುಮಾರು 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದಾರೆ ಎಂಬುದು ಆಗ ಸರ್ಕಾರವೇ ಕೊಟ್ಟ ಅಂದಾಜು. ದೊಡ್ಡ ಕಂಪನಿಗಳು ಹಣದಾಟ ನಿಲ್ಲಿಸಿದವು. ಆದರೆ ಹೊರದೇಶದಲ್ಲಿ ಕೂತು ವಾಟ್ಸ್‌ಆ್ಯಪ್, ಟೆಲಿಗ್ರಾಂನಲ್ಲಿ ಬಾಜಿ ಕಟ್ಟುವ ‘ಐಡಿ’ ಹಂಚುವವರನ್ನು ನಮ್ಮ ಠಾಣೆಯ ಜೀಪು ಮುಟ್ಟುವುದಿಲ್ಲ. ಬಾಗಿಲು ಮುಚ್ಚಿದ್ದು ಒಳ್ಳೆಯದಾಯಿತು. ಒಳಗೆ ಸಿಕ್ಕಿಕೊಂಡವರ ಗತಿ ಬೇರೆಯ ಪ್ರಶ್ನೆ.

ಅಲ್ಲಿ ಮನೆಯವರ ಪಾಲು ದೊಡ್ಡದು. ಅದಕ್ಕೇ ಚಿಕ್ಕಪ್ಪನ ಕಥೆಯ ಉಳಿದ ಭಾಗವನ್ನು ಹೇಳುತ್ತೇನೆ. ಬಡ್ಡಿಯವರು ಬಾಗಿಲಿಗೆ ಬಂದ ದಿನ ನಮ್ಮಪ್ಪ ಒಂದು ಜೊತೆ ಎತ್ತು ಮಾರಿದರು. ಚಿಕ್ಕವ್ವ ಕೊರಳಿನದನ್ನು ಬಿಚ್ಚಿ ಕೊಟ್ಟಳು. ಸಾಲ ಪೂರ್ತಿ ತೀರಿತು. ಚಿಕ್ಕಪ್ಪನನ್ನು ದೇವಸ್ಥಾನಕ್ಕೆ ಕರೆದೊಯ್ದು ಕರ್ಪೂರ ಹಚ್ಚಿಸಿ ಆಣೆ ಮಾಡಿಸಿದರು. ಅವರು ಗಳಗಳ ಅತ್ತರು. ಆ ಅಳು ಸುಳ್ಳಲ್ಲ ಎಂದು ಇಂದಿಗೂ ನಂಬುತ್ತೇನೆ. ಮೂರು ತಿಂಗಳಾಗಲಿಲ್ಲ, ಗೋಡೆಯ ಮೇಲೆ ಹೊಸ ಸಾಲು ಶುರುವಾಯಿತು. ಈ ಸಲ ಹಠ ಇನ್ನೂ ಹೆಚ್ಚು. ಅಣ್ಣನ ಎತ್ತು, ಹೆಂಡತಿಯ ತಾಳಿ ವಾಪಸ್ ತಂದುಕೊಡಬೇಕಿತ್ತಲ್ಲ! ಆಣೆ ಮುರಿದ ನಾಚಿಕೆಯಿಂದ ಅವರು ಹೇಳುವುದನ್ನು ನಿಲ್ಲಿಸಿದರು, ಆಡುವುದನ್ನಲ್ಲ.

ನಾವು ಮಾಡಿದ್ದು ಧೃತರಾಷ್ಟ್ರ ಮಾಡಿದ್ದನ್ನೇ. ಸೋತದ್ದನ್ನೆಲ್ಲ ಕೈಗೆ ಕೊಟ್ಟು ರಥ ಹತ್ತಿಸಿ ಕಳಿಸಿದೆವು. ಸಾಲ ತೀರಿದ ಕೂಡಲೇ ಜೂಜುಕೋರನಿಗೆ ಮತ್ತೆ ಸಾಲ ಹುಟ್ಟುತ್ತದೆ, ಏನಾದರೂ ಆದರೆ ಮನೆಯವರಿದ್ದಾರೆ ಎಂಬ ಧೈರ್ಯವೂ ಹುಟ್ಟುತ್ತದೆ. ಹೀಗೆ ಗುಟ್ಟಾಗಿ, ಒಂದೇ ಗಂಟಲ್ಲಿ ಸಾಲ ತೀರಿಸಿ ಹಣದ ಯಜಮಾನಿಕೆಯನ್ನು ಅವನ ಕೈಯಲ್ಲೇ ಬಿಡಬಾರದು ಎಂದು ಈ ಚಿಕಿತ್ಸೆ ಮಾಡುವವರು ಹೇಳುತ್ತಾರೆ. ಆ ಮಾತು ನಮಗೆ ಆಗ ಯಾರೂ ಹೇಳಲಿಲ್ಲ. ತಾಯಂದಿರಿಗೆ ಇದು ಕಲ್ಲೆದೆಯ ಮಾತಾಗಿ ಕೇಳುತ್ತದೆ. ಹಾಗಲ್ಲ. ಅವನನ್ನು ಕೈಬಿಡಿ ಎಂದಲ್ಲ, ಹಣವನ್ನು ಅವನ ಕೈಗೆ ಬಿಡಬೇಡಿ ಎಂದು. ಸಾಲದ ಪೂರ್ತಿ ಪಟ್ಟಿಯನ್ನು ಅವನಿಂದಲೇ ಬರೆಸಿ. ಮೊದಲ ಸಲ ಅರ್ಧ ಮಾತ್ರ ಹೇಳುತ್ತಾನೆ, ಅದಕ್ಕೆ ರೇಗಬೇಡಿ. ಕಂತಿನ ಲೆಕ್ಕದಲ್ಲಿ ಅವನ ದುಡಿಮೆಯಿಂದಲೇ ತೀರಲಿ.

ಜೂಜಿನ ಚಟವಿದ್ದ ರಷ್ಯಾದ ಲೇಖಕ ದಾಸ್ತೊಯೆವ್‌ಸ್ಕಿ ಸಾಲದಲ್ಲಿ ಮುಳುಗಿ 1866ರಲ್ಲಿ 26 ದಿನಗಳಲ್ಲಿ ಒಂದು ಕಾದಂಬರಿ ಹೇಳಿ ಬರೆಸಿದ. ಅದರ ಹೆಸರೇ ‘ಜೂಜುಕೋರ’. ಬರೆದುಕೊಂಡ ಹೆಣ್ಣುಮಗಳು ಆನಾ ಆಮೇಲೆ ಅವನ ಹೆಂಡತಿಯಾದಳು. ಅವಳ ಉಂಗುರ, ಓಲೆ, ಬಟ್ಟೆಗಳೂ ಗಿರವಿಗೆ ಹೋದವು. ಅಂಥವನು 1871ರ ನಂತರ ಆಡಲಿಲ್ಲ. ಪುಸ್ತಕ ಪ್ರಕಟಣೆ, ಸಾಲಗಾರರ ಜೊತೆಗಿನ ಮಾತುಕತೆ, ಮನೆಯ ಲೆಕ್ಕ ಎಲ್ಲವನ್ನೂ ಆನಾ ತನ್ನ ಕೈಗೆ ತೆಗೆದುಕೊಂಡಳು. ಕಾದಂಬರಿಗಿಂತ ನನಗೆ ಆ ಹೆಂಗಸಿನ ಲೆಕ್ಕದ ಪುಸ್ತಕ ದೊಡ್ಡದಾಗಿ ಕಾಣುತ್ತದೆ.

ನಮ್ಮ ಚಿಕ್ಕವ್ವ ರಷ್ಯಾದ ಹೆಸರು ಕೇಳಿದವಳಲ್ಲ. ಎರಡನೇ ಸಲ ಬಡ್ಡಿಯವರು ಬಂದಾಗ ಅವಳು ಯಾರನ್ನೂ ಎತ್ತು ಮಾರಲು ಬಿಡಲಿಲ್ಲ. ಡೇರಿಯ ಹಾಲಿನ ಪುಸ್ತಕವನ್ನು ತನ್ನ ಹೆಸರಿಗೆ ಮಾಡಿಸಿಕೊಂಡಳು. ಹದಿನೈದು ದಿನಕ್ಕೊಮ್ಮೆ ಬರುವ ಬಟವಾಡೆಯಲ್ಲಿ ತಾನೇ ಹೋಗಿ ಬಡ್ಡಿ ಕಟ್ಟಿ ಬರುತ್ತಿದ್ದಳು. ಕಬ್ಬಿನ ಬಿಲ್ಲಿಗೆ ಜೊತೆಯಲ್ಲೇ ಹೋಗಿ ನಿಂತಳು. ಚಿಕ್ಕಪ್ಪನ ಜೇಬಿಗೆ ಬೀಡಿಗೆ, ಟೀಗೆ ಎಣಿಸಿದ ಚಿಲ್ಲರೆ. ಮೈಸೂರಿನ ಒಬ್ಬ ಮನೋವೈದ್ಯರಲ್ಲಿಗೂ ಕರೆದೊಯ್ದಳು. “ಹುಚ್ಚಾಸ್ಪತ್ರೆಗೆ ಕರ್ಕೊಂಡ್ ಹೋದ್ಲಂತೆ” ಎಂದು ಬೀದಿ ಆಡಿಕೊಂಡಿತು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ನಡುವೆ ಎರಡು ಸಲ ಚಿಕ್ಕಪ್ಪ ಜಾರಿದರು. ಜಾರಿದ್ದನ್ನು ಅವರೇ ಬಂದು ಹೇಳಿದರು, ಅದು ಹೊಸದು. ಆ ವರ್ಷದ ಗೌರಿ ಹಬ್ಬಕ್ಕೆ ಪಣತದ ಕೋಣೆಯ ಗೋಡೆಗೆ ಸುಣ್ಣ ಬಿತ್ತು. ಹೊಡೆದವರು ಚಿಕ್ಕಪ್ಪನೇ. ಅದಾಗಿ ಬಹಳ ವರ್ಷವಾಗಿದೆ. ಇವತ್ತಿಗೂ ಅವರು ನಂಬರಿಗೆ ಕಾಯುತ್ತಿದ್ದ ಆ ಅಂಗಡಿಯ ಬೀದಿಯಲ್ಲಿ ನಡೆಯುವುದಿಲ್ಲ. ಸಕ್ಕರೆ ಬೇಕಾದರೆ ಮೊಮ್ಮಗನನ್ನು ಕಳಿಸುತ್ತಾರೆ.

ಚಿಕಿತ್ಸೆ ಎಂದರೆ ಮಾತ್ರೆಯೊಂದೇ ಅಲ್ಲ. ಸೆಳೆತ ಯಾವ ಹೊತ್ತಿಗೆ, ಯಾವ ಜಾಗದಲ್ಲಿ, ಯಾರ ಫೋನು ಬಂದಾಗ ಏಳುತ್ತದೆ ಎಂದು ಗುರುತಿಸಿ ಅದನ್ನು ದಾಟುವುದನ್ನು ಕಲಿಸುತ್ತಾರೆ. ‘ಇಷ್ಟು ಸಲ ಬರಲಿಲ್ಲ, ಇನ್ನು ಬರಲೇಬೇಕು’ ಎಂಬಂಥ ತಪ್ಪು ಲೆಕ್ಕಗಳನ್ನು ಕೂತು ಬಿಡಿಸುತ್ತಾರೆ. ಖಿನ್ನತೆ, ಕುಡಿತ ಜೊತೆಗಿದ್ದರೆ ಅದಕ್ಕೂ ಮದ್ದು ಕೊಡುತ್ತಾರೆ. ಕೆಲವರಿಗೆ ನಾಲ್ಟ್ರೆಕ್ಸೋನ್ ಎಂಬ ಔಷಧಿ ಸೆಳೆತ ತಗ್ಗಿಸುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ಕೇಂದ್ರವಿದೆ, ಮೊಬೈಲ್ ಗೀಳಿಗೆಂದೇ 2014ರಲ್ಲಿ ಶುರುವಾದ ‘ಶಟ್’ ಕ್ಲಿನಿಕ್ ಇದೆ. ಅಷ್ಟು ದೂರ ಹೋಗಬೇಕೆಂದಿಲ್ಲ. ಮಂಡ್ಯದ ಮಿಮ್ಸ್, ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹತ್ತಿರದಲ್ಲೇ ಇವೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗಳಲ್ಲೇ ಮನೋವೈದ್ಯರು ಸಿಗುವ ಏರ್ಪಾಡನ್ನೂ ರಾಜ್ಯ ಮಾಡಿದೆ. ನಿಮ್ಮ ಆಸ್ಪತ್ರೆಯಲ್ಲಿ ದಿನ, ಹೊತ್ತು ವಿಚಾರಿಸಿಕೊಂಡು ಹೋಗಿ.

ಒಂದು ಮಾತನ್ನು ಒತ್ತಿ ಹೇಳಬೇಕು. ಜೂಜಿನ ಸಾಲಕ್ಕೆ ಸಿಕ್ಕಿದವರಲ್ಲಿ ಸಾಯುವ ಯೋಚನೆ ಬರುವುದು ಬಹಳ. ಸಾಲ ಬಯಲಾದ ದಿನ, ಮನೆಯಲ್ಲಿ ದೊಡ್ಡ ಜಗಳವಾದ ರಾತ್ರಿ ಅಪಾಯದ ಹೊತ್ತು. ಆ ರಾತ್ರಿ ಅವನನ್ನು ಒಂಟಿಯಾಗಿ ಬಿಡಬೇಡಿ. ಲೆಕ್ಕವನ್ನು ನಾಳೆ ಕೇಳಬಹುದು.

ಈ ಯುಗಾದಿಗೆ ನಿಮ್ಮ ಜಗಲಿಯಲ್ಲೂ ಇಸ್ಪೀಟು ಹರಡಬಹುದು. ಎಲ್ಲರೂ ಎದ್ದ ಮೇಲೂ ಏಳದೆ ಕೂತವನು ಯಾರೆಂದು ನೋಡಿಕೊಳ್ಳಿ. ಎತ್ತು ಮಾರುವ ಮುಂಚೆ, ತಾಳಿ ಬಿಚ್ಚುವ ಮುಂಚೆ 14416ಕ್ಕೆ ಒಂದು ಫೋನು ಮಾಡಿ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಅದು. ಹಗಲು ರಾತ್ರಿ ಎನ್ನದೆ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೇಳುವುದಿಲ್ಲ. ಆಡುವವನೇ ಮಾಡಬೇಕೆಂದಿಲ್ಲ. ತಾಯಿಯೂ ಮಾಡಬಹುದು, ಹೆಂಡತಿಯೂ ಮಾಡಬಹುದು.